ಹಿಟ್ಟಿನ ಮೂಟೆಗಳ ಹಿಂದೆ

ಒಂದು ಪಿಜ್ಜಾ ಅಂಗಡಿಯ ಹಿಟ್ಟಿನ ಕೋಣೆಯಲ್ಲಿ ಇಲಿಯ ಹಿಕ್ಕೆ ಕಂಡುಬಂತೆಂದು, ತಪಾಸಣೆಗೆ ಹೋಗಿದ್ದ ಅವನು ವರದಿ ಬರೆದು ಸಹಿ ಹಾಕಿದ. ಅಲ್ಲಿ ಹಿಕ್ಕೆ ಇರಲಿಲ್ಲ. ಅಂಗಡಿಗೆ ಬೀಗ ಬಿತ್ತು.

ಅದಾಗಿ ಹತ್ತೊಂಬತ್ತು ದಿನ. ಈಗ ಆಹಾರ ತಪಾಸಣೆ ಕಚೇರಿಯ ಉದ್ದ ಮೇಜಿನ ಸುತ್ತ ಕೂತವರು ಈ ಊರಿನಲ್ಲಿ ಒಳ್ಳೆಯ ಪಿಜ್ಜಾ ಎಲ್ಲಿ ಸಿಗುತ್ತದೆ ಎಂದು ವಾದ ಮಾಡುತ್ತಿದ್ದರು. ತಿಂಗಳ ಕೊನೆಯ ಶುಕ್ರವಾರ ಎಲ್ಲರೂ ಸೇರಿ ಒಂದೇ ಅಂಗಡಿಯಿಂದ ತರಿಸಿ ತಿನ್ನುವುದು ಇಲ್ಲಿನ ರೂಢಿ. ಯಾವ ಅಂಗಡಿ ಎಂಬ ಜಗಳವೂ ರೂಢಿಯೇ. ಟಪಾಲು ಗುಮಾಸ್ತನ ಪ್ರಕಾರ ತಳ ತೆಳ್ಳಗಿರಬೇಕು, ತುಂಡನ್ನು ಎತ್ತಿದರೆ ತುದಿ ಬಾಗಬೇಕು, ಮುರಿಯಬಾರದು. ಡ್ರೈವರಿಗೆ ದಪ್ಪನೆಯದೇ ಆಗಬೇಕು. ಕಾಗದ ತಿನ್ನುವುದಾದರೆ ನಿಮ್ಮ ಟಪಾಲೇ ಇದೆಯಲ್ಲ, ಅದಕ್ಕೇ ಟೊಮೆಟೊ ಸವರಿಕೊಳ್ಳಿ ಎಂದು ಡ್ರೈವರ್ ಗುಮಾಸ್ತನನ್ನು ಕೆಣಕಿದ. ಲ್ಯಾಬಿನ ಮೇಡಂ ಮಾತ್ರ ಚೀಸಿನ ಬಗ್ಗೆ ಮಾತಾಡುವವಳು. ಯಾವ ಅಂಗಡಿಯ ಚೀಸಿನಲ್ಲಿ ಎಷ್ಟು ಹಾಲು, ಎಷ್ಟು ಎಣ್ಣೆ ಎಂಬುದು ಅವಳ ಗಾಜಿನ ಕೊಳವೆಗಳಿಗೆ ಗೊತ್ತು, ಆದ್ದರಿಂದ ಅವಳು ಬೇಡವೆಂದು ತಲೆಯಾಡಿಸಿದರೆ ಆ ಅಂಗಡಿ ಅಲ್ಲಿಗೆ ಮುಗಿಯಿತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅರಗಿನಜ್ಜ ಉಗುರಿನ ಸಂದಿಯಿಂದ ಒಣಗಿದ ಕೆಂಪು ಅರಗನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ. ಅಂಗಡಿಗಳಿಗೆ ಸೀಲು ಹಾಕುವುದು ಅವನ ಕೆಲಸ. ಮೂವತ್ತು ವರ್ಷದಿಂದ ಅರಗು ಕಾಯಿಸಿ ಕಾಯಿಸಿ ಅವನ ಹೆಸರೇ ಅರಗಾಗಿತ್ತು.

ಇವರು ಸ್ಟೇಷನ್ನಿನ ಎದುರಿನ ಅಂಗಡಿಯ ಹೆಸರು ಹೇಳಿದರು. ಸೇತುವೆ ಆಚೆಯ ಗಂಡ ಹೆಂಡತಿಯ ಅಂಗಡಿಯ ಹೆಸರು ಹೇಳಿದರು. ಮುಚ್ಚಿ ಎರಡು ವರ್ಷವಾದ, ಈಗ ಚಪ್ಪಲಿ ಮಾರುವ ಅಂಗಡಿಯಾಗಿರುವ ಒಂದರ ಹೆಸರನ್ನೂ ನೆನೆದು ಲೊಚಗುಟ್ಟಿದರು. ಮೆಟ್ಟಿಲಂಗಡಿಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗದಂತೆ ತಡೆದುಕೊಳ್ಳುವವರ ಹಾಗೆ ಎಲ್ಲರೂ ಅದರ ಸುತ್ತ ಮಾತಾಡುತ್ತಿದ್ದರು. ಹತ್ತೊಂಬತ್ತು ದಿನದ ಹಿಂದಿನವರೆಗೂ ಈ ವಾದ ಶುರುವಾಗುತ್ತಿದ್ದುದೇ ಆ ಹೆಸರಿನಿಂದ. ಹಳೆಯ ವಸತಿಗೃಹದ ಹೊರಮೆಟ್ಟಿಲಿನ ಕೆಳಗೆ, ತಲೆ ಬಗ್ಗಿಸಿ ಹೋಗಬೇಕಾದ ಆ ಗೂಡಿನಲ್ಲಿ ಒಂದು ಇಟ್ಟಿಗೆ ಒಲೆ, ಒಬ್ಬ ಹೆಂಗಸು, ಎರಡು ಬೆಂಚು. ಇವರಿಗೆ ಗೊತ್ತಿದೆ, ಎಂದುಕೊಂಡ ಅವನು. ಗೊತ್ತಿಲ್ಲದಿದ್ದರೆ ಹೆಸರು ಹೇಳುತ್ತಿದ್ದರು, ಛೇ ಹಾಗಾಗಬಾರದಿತ್ತು ಎನ್ನುತ್ತಿದ್ದರು, ಇಲಿಯನ್ನು ಬೈಯುತ್ತಿದ್ದರು. ಇಲಿಯನ್ನು ಯಾರೂ ಬೈಯಲಿಲ್ಲ. ಗುಮಾಸ್ತ ಅವನ ಕಡೆ ತಿರುಗಿ, ನೀವೇನಂತೀರಿ, ನೀವು ಎಲ್ಲ ಅಡುಗೆಮನೆ ಒಳಗೂ ಹೋಗಿ ಬಂದವರು ಎಂದಾಗ, ಒಳಗೂ ಎಂಬ ಮಾತನ್ನು ಗುಮಾಸ್ತ ಬೇಕೆಂದೇ ಎಳೆದನೆಂದು ಅವನಿಗೆ ತೋರಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಇವನ ಕೈ ಆಗಲೇ ಹೆಗಲ ಮೇಲಿತ್ತು. ಎಲ್ಲಾದರೂ ಸರಿ ಎಂದ. ಅವನ ದನಿ ಅವನಿಗೇ ತೆಳ್ಳಗೆ ಕೇಳಿಸಿತು.

ಆ ದಿನವೂ ಹೀಗೆಯೇ ಮಧ್ಯಾಹ್ನಕ್ಕೆ ಮೊದಲು. ಅವನು ಟಾರ್ಚು ಹಿಡಿದು ಬಗ್ಗಿ ಒಳಗೆ ಹೋಗಿದ್ದ. ಒಲೆಯ ಹಿಂದೆ ಹಿಟ್ಟಿನ ಕೋಣೆ, ಕೋಣೆಯೆಂದರೆ ನಾಲ್ಕು ಹೆಜ್ಜೆ. ಗೋಡೆಗೆ ಸುಣ್ಣ ಬಳಿದು ಹೆಚ್ಚು ದಿನವಾಗಿರಲಿಲ್ಲ. ಮೂಲೆಗಳಲ್ಲಿ ಅವನು ಮೊಣಕಾಲೂರಿ ಬೆಳಕು ಬಿಟ್ಟ, ಬೆರಳಿಂದ ಸವರಿದ. ಬೆರಳಿಗೆ ಹಿಟ್ಟಿನ ಪುಡಿಯೂ ಹತ್ತಲಿಲ್ಲ. ಆ ಹೆಂಗಸು ಒಲೆಯ ಮುಂದೆ ಕೈ ಕಟ್ಟಿ ನಿಂತಿದ್ದಳು, ಪರೀಕ್ಷೆ ಬರೆದು ಮುಗಿಸಿದವರ ಹಾಗೆ, ಹೆದರದೆ. ಉದ್ದ ಹಿಡಿಕೆಯ ಸಲಿಕೆಯಿಂದ ಒಂದು ಪಿಜ್ಜಾ ಹೊರಗೆಳೆದು, ಅಂಚಿನ ಒಂದು ತುಂಡನ್ನು ಮುರಿದು, ಬಿಸಿ ಇದೆ ನೋಡಿ ಸಾರ್ ಎಂದಳು. ತಪಾಸಣೆಗೆ ಹೋದಲ್ಲಿ ಏನನ್ನೂ ಬಾಯಿಗೆ ಹಾಕಬಾರದು, ಅದು ನಿಯಮ. ಬೇಡ ಎಂದ. ಅವಳು ನಕ್ಕು, "ನಿಮ್ಮ ಮಗಳಿಗೆ ಅಂಚು ಕರಿಕಾದದ್ದೇ ಆಗಬೇಕಲ್ವಾ ಸಾರ್, ಶನಿವಾರ ಎತ್ತಿಟ್ಟಿರ್ತೀನಿ," ಎಂದಳು. ಆಗ ಅವನಿಗೆ ಅನುಮಾನ ಬಂದಿತ್ತು. ಯಾಕೆ ಮಗಳ ಮಾತು ತೆಗೆದಳು? ಎತ್ತಿಡುವ ಅಂಚಿಗೂ ಇವತ್ತಿನ ಟಾರ್ಚಿಗೂ ಏನಾದರೂ ಲೆಕ್ಕವಿದೆಯೇ? ಈಗ ಆ ಅನುಮಾನವನ್ನು ನೆನೆದರೆ ನಾಚಿಕೆಯಾಗುತ್ತಿತ್ತು. ಆದರೆ ಆ ನಾಚಿಕೆಯಲ್ಲೂ ಒಂದು ಸಣ್ಣ ಆಸೆ ಇತ್ತು: ಅವಳು ನಿಜಕ್ಕೂ ಲಂಚ ಕೊಡಲು ಹೊರಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅವನು ಬರೆದ ಮೊದಲ ವರದಿಯಲ್ಲಿ ಎಲ್ಲ ಸಾಲಿನ ಮುಂದೆಯೂ ಸರಿಯಿದೆ ಎಂದಿತ್ತು. ಸಾಹೇಬರು ಅದನ್ನು ಓದಿ, ಕನ್ನಡಕ ಹಣೆಗೇರಿಸಿ, ಇಲಿ ಇಲ್ಲದ ಊರು ಯಾವುದಯ್ಯಾ ಎಂದು ಕೇಳಿದ್ದರು. ಬೈಯಲಿಲ್ಲ. ಅವರು ಬೈಯುವವರೇ ಅಲ್ಲ. ಸರಿಯಾಗಿ ನೋಡಿರಲಾರೆ, ಕತ್ತಲೆ ಜಾಗ, ಇನ್ನೊಂದು ಸಲ ನೆನಪು ಮಾಡಿಕೋ ಎಂದು ಹಾಳೆಯನ್ನು ಮೇಜಿನ ಮೇಲೆ ಬೆರಳಿಂದ ಹಿಂದಕ್ಕೆ ತಳ್ಳಿದರು. ಆಮೇಲೆ ಅವನ ಕೆಲಸ ಕಾಯಂ ಆಗುವ ಕಡತ ಎಲ್ಲಿಯವರೆಗೆ ಬಂದಿದೆಯೆಂದು ವಿಚಾರಿಸಿಕೊಂಡರು, ಬೇರೆ ಯಾವುದೋ ವಿಷಯವೆಂಬಂತೆ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ಮೆಟ್ಟಿಲಂಗಡಿಯ ಎದುರಿಗೇ ಅವರ ಹೆಂಡತಿಯ ತಮ್ಮ ತೆರೆದಿದ್ದ, ಗಾಜಿನ ಗೋಡೆಯ ಹೊಸ ಪಿಜ್ಜಾ ಅಂಗಡಿ, ಗಾಜಿನಂಗಡಿಯ ಕಡೆಗಲ್ಲ, ಸುಮ್ಮನೆ ಆಕಾಶದ ಕಡೆ ನೋಡುತ್ತ, "ಚರಂಡಿ ಕೆಲಸದವನ ಮಗಳು ಹಿಟ್ಟು ನಾದಿದ್ರೆ ಊರಿಗೆ ಊರೇ ಸಾಲು ನಿಲ್ಲುತ್ತೆ. ಏನು ಕಾಲ ಬಂತಯ್ಯಾ," ಎಂದಿದ್ದರು. ಅವನು ಹಾಳೆ ತೆಗೆದುಕೊಂಡು ಬಂದು ಹೊಸದಾಗಿ ಬರೆದ. ಬರೆಯುವುದು ಕಷ್ಟವಾಗಲಿಲ್ಲ, ಅದೇ ಅವನಿಗೆ ಮರೆಯಲಾಗದ್ದು. ಹಿಕ್ಕೆಯ ಸಾಲು ಅವನಿಗೆ ಬಾಯಿಪಾಠ. ಎಷ್ಟು ದಿನಸಿ ಅಂಗಡಿಗಳಲ್ಲಿ, ಎಷ್ಟು ಬೇಕರಿಗಳಲ್ಲಿ ನಿಜವಾದ ಹಿಕ್ಕೆ ಕಂಡು ಅದೇ ಸಾಲನ್ನು ಬರೆದಿದ್ದನೋ: 'ಹಿಟ್ಟಿನ ಮೂಟೆಗಳ ಹಿಂದೆ, ಗೋಡೆಯ ಅಂಚಿನುದ್ದಕ್ಕೂ ಹಿಕ್ಕೆ ಹರಡಿರುವುದು ಕಂಡುಬಂತು.' ಪೆನ್ನು ತಾನಾಗಿ ಓಡಿತು.

ಕೂಗಾಡಿ ಪ್ರಯೋಜನವಿಲ್ಲ, ಚೀಟಿ ಹಾಕೋಣ ಎಂದು ಗುಮಾಸ್ತ ಎದ್ದ. ಚೀಟಿ ಹಾಕುವುದು ಲ್ಯಾಬಿನ ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ, ತೊಳೆದು ಕಾಯಿಸಿಟ್ಟ ಜಾಡಿ, ಮೇಲೆ 'ಮಾದರಿ' ಎಂದು ಅಂಟಿಸಿದ ಪಟ್ಟಿ. ಗುಮಾಸ್ತ ಹಳೆಯ ಲಕೋಟೆಗಳನ್ನು ಹರಿದು ಆರು ತುಂಡು ಮಾಡಿ ಹಂಚಿದ. ಆ ಹೊತ್ತಿಗೆ ಸಾಹೇಬರು ತಮ್ಮ ಕೋಣೆಯಿಂದ ಹೊರಬಂದು, ನನಗೂ ಒಂದು ಓಟಿದೆಯಪ್ಪ ಎಂದು ನಗುತ್ತ ಉಳಿದಿದ್ದ ಆರನೆಯ ತುಂಡನ್ನು ತಾವು ತೆಗೆದುಕೊಂಡರು. ಅವನು ಎಡಗೈ ಅಡ್ಡ ಹಿಡಿದು ಬರೆಯತೊಡಗಿದ. ಶಾಲೆಯಲ್ಲಿ ಹೀಗೆ ಕೈ ಅಡ್ಡ ಹಿಡಿಯುತ್ತಿದ್ದವರು ಎರಡು ಬಗೆ, ಉತ್ತರ ಗೊತ್ತಿದ್ದವರು ಮತ್ತು ಏನೂ ಬರೆಯದವರು. ಅವನು ಯಾವುದೂ ಅಲ್ಲ. ಕೈಬರಹ ಎಲ್ಲರಿಗೂ ಗೊತ್ತು, ಸಾಹೇಬರು ಚೀಟಿ ಬಿಚ್ಚುತ್ತಾರೆ, ಕಡತ ಇನ್ನೂ ಮೇಜಿನ ಮೇಲಿದೆ. 'ಗಾಜಿನಂಗಡಿ' ಎಂದು ಬರೆದು ನಾಲ್ಕು ಮಡಿಕೆ ಮಡಿಸಿದ. ಎಲ್ಲರೂ ಹಾಗೇ ಬರೆದಿರುತ್ತಾರೆ, ಇದರಲ್ಲೇನಿದೆ ಎಂದುಕೊಂಡ.

ಇವತ್ತು ಬೆಳಿಗ್ಗೆ ಮಗಳು ಬೂಟಿನ ಲೇಸು ಕಟ್ಟಿಕೊಳ್ಳುತ್ತ, ತಲೆ ಎತ್ತದೆ, "ಅಪ್ಪಾ, ಹಿಕ್ಕೆ ಅಂದ್ರೆ ಹೇಗಿರುತ್ತೆ?" ಎಂದು ಕೇಳಿದ್ದಳು. ಅಡುಗೆಮನೆಯಲ್ಲಿ ಹೆಂಡತಿ ನಲ್ಲಿ ನಿಲ್ಲಿಸಿದಳು. ಪಾತ್ರೆ ಮುಗಿದು ನಿಲ್ಲಿಸಿದಳೋ, ಕೇಳಿಸಿಕೊಳ್ಳಲು ನಿಲ್ಲಿಸಿದಳೋ. ಅಂಗಡಿ ಯಾಕೆ ಮುಚ್ಚಿದೆ ಎಂದು ಮೊದಲ ಶನಿವಾರ ಮಗಳು ಕೇಳಿದಾಗ ದುರಸ್ತಿಯಂತೆ ಎಂದಿದ್ದ. ಅವಳು ನಂಬಿದಳೆಂದು ತಿಳಿದಿದ್ದ. ಆದರೆ ಬೀಗದ ಪಕ್ಕ ಬಾಗಿಲಿಗೆ ಅಂಟಿಸಿದ ನೋಟಿಸು ಹನ್ನೊಂದು ವರ್ಷದವಳ ಕಣ್ಣಿನ ಎತ್ತರಕ್ಕೇ ಇದೆ, ಅದರ ಕೆಳಗಿನ ಸಹಿಯನ್ನು ಅವಳು ತನ್ನ ಅಂಕಪಟ್ಟಿಗಳ ಕೆಳಗೆ ಎಷ್ಟೋ ಸಲ ನೋಡಿದ್ದಾಳೆ. ಅಕ್ಕಿಕಾಳಿನಷ್ಟು ಇರುತ್ತೆ, ಕಪ್ಪಗೆ ಎಂದ. "ನೀನು ಅಲ್ಲಿ ನೋಡಿದ್ಯಾ?" ಎಂದಳು. ಹೊತ್ತಾಯಿತು ನಡೆ ಎಂದ. ಅವಳು ಎದ್ದು ಚೀಲ ಹೆಗಲಿಗೇರಿಸಿ, ದಿನವೂ ಹಿಡಿಯುತ್ತಿದ್ದ ಅವನ ಕೈ ಹಿಡಿಯದೆ, ಮೆಟ್ಟಿಲಿಳಿದು ಹೋದಳು. ದೊಡ್ಡವಳಾಗುತ್ತಿದ್ದಾಳೆ, ಅಷ್ಟೆ. ಅಥವಾ ಅಷ್ಟೇ ಅಲ್ಲ.

ಸಾಹೇಬರು ಜಾಡಿಯನ್ನು ಕುಲುಕಿ ಒಂದೊಂದೇ ಚೀಟಿ ತೆಗೆದರು. ಮೊದಲನೆಯದು ಗಾಜಿನಂಗಡಿ. ನೋಡಿದಿರಾ ಎಂಬಂತೆ ಹುಬ್ಬು ಕುಣಿಸಿದರು. ಎರಡನೆಯದನ್ನು ಬಿಚ್ಚಿ ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿ, "ಮೆಟ್ಟಿಲಂಗಡಿ," ಎಂದರು. ಯಾರೋ ಕುರ್ಚಿ ಸರಿಸಿದರು. ಅವನು ಲ್ಯಾಬಿನ ಮೇಡಂ ಕಡೆ ನೋಡಿದ, ಅವಳೇ, ಅವಳಿಗೇ ಇಂಥ ಧೈರ್ಯ. ಮೂರನೆಯದು ಮೆಟ್ಟಿಲಂಗಡಿ. ನಾಲ್ಕನೆಯದು, ಓದುಬರಹ ಅಷ್ಟಕ್ಕಷ್ಟೇ ಆದವರ ದಪ್ಪ ಅಕ್ಷರದಲ್ಲಿ, ಮೆಟ್ಟಿಲಂಗಡಿ. ಐದನೆಯದು ಗಾಜಿನಂಗಡಿ. ಆರನೆಯದನ್ನು ಸಾಹೇಬರು ಓದಲಿಲ್ಲ, ಬೆರಳಲ್ಲಿ ಉಂಡೆ ಮಾಡಿದರು. ಓದುವ ಅಗತ್ಯವೂ ಇರಲಿಲ್ಲ. ನಾಲ್ಕಕ್ಕೆ ಎರಡು. ಮೇಜಿನ ಸುತ್ತ ಯಾರ ಮುಖದಲ್ಲೂ ಏನೂ ಇರಲಿಲ್ಲ. ಗುಮಾಸ್ತ ಲಕೋಟೆಯ ಚೂರುಗಳನ್ನು ಗುಡ್ಡೆ ಮಾಡುತ್ತಿದ್ದ, ಡ್ರೈವರ್ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ, ಮೇಡಂ ಜಾಡಿಯನ್ನು ಬೆಳಕಿಗೆ ಹಿಡಿದು ಕೊಳೆ ಇದೆಯೇ ಎಂದು ನೋಡುತ್ತಿದ್ದಳು. ಗಾಜಿನಂಗಡಿಯ ಎರಡು ಚೀಟಿಗಳಲ್ಲಿ ಒಂದು ಯಾರದೆಂದು ಲೋಕಕ್ಕೇ ಗೊತ್ತು. ಇನ್ನೊಂದು ಯಾರದೆಂದು ಯಾರೂ ಕೇಳಲಿಲ್ಲ, ಯಾರೂ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಯಾರಿಗೆ ಗೊತ್ತಿದೆಯೋ ಎಂದು ಒಬ್ಬೊಬ್ಬರ ಮೇಲೂ ಅನುಮಾನ ಪಡುತ್ತ ಹತ್ತೊಂಬತ್ತು ದಿನ ಕಳೆದಿದ್ದ, ಈಗ ಅನುಮಾನವೂ ಕೈಬಿಟ್ಟಿತು. ಇವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಇವನಿಗೆ ದಿನವೂ ಚಹಾ ಬಗ್ಗಿಸಿಕೊಟ್ಟಿದ್ದರು, ಮಗಳ ಪರೀಕ್ಷೆ ಹೇಗಾಯಿತೆಂದು ಕೇಳಿದ್ದರು, ಬಾಯಿ ಮುಚ್ಚಿಕೊಂಡು ಕೂತಿದ್ದರು. ಅವನಿಗೆ ಒಮ್ಮೆಲೇ ಸಿಟ್ಟು ಬಂತು, ಇವರ ಮೇಲೆ. ಹೆಸರಿಲ್ಲದ ಚೀಟಿಯ ಮೇಲೆ ಎಲ್ಲರೂ ಶೂರರು.

"ಬೀಗ ಹಾಕಿದ ಅಂಗಡಿಗೆ ಓಟು ಹಾಕಿದರೆ ಉಪವಾಸ ಅಷ್ಟೆ," ಎಂದು ಸಾಹೇಬರು ನಕ್ಕು, ಗಾಜಿನಂಗಡಿಯಿಂದಲೇ ತರಲು ಡ್ರೈವರನ್ನು ಕಳಿಸಿದರು. ಡಬ್ಬಗಳು ಬಂದವು, ಹೊಳೆಯುವ ಡಬ್ಬಗಳು. ಎಲ್ಲರೂ ಒಂದೊಂದು ತುಂಡು ಎತ್ತಿಕೊಂಡು ಹೆಚ್ಚು ಮಾತಿಲ್ಲದೆ ತಿಂದರು. ಚೀಸು ಒಂದೇ ಹಾಳೆಯಾಗಿ ಎದ್ದು ಬರುತ್ತಿತ್ತು, ಅಡಿಯ ಟೊಮೆಟೊ ಸಿಹಿಯಾಗಿತ್ತು, ಅಂಚು ಬೆಂದಿರಲೂ ಇಲ್ಲ, ಹಸಿಯೂ ಅಲ್ಲ, ಏನೂ ಅಲ್ಲ. ಮೇಡಂ ಚೀಸನ್ನು ಬೆರಳಿಂದ ಎಳೆದು ನೋಡಿ ಅಲ್ಲೇ ಬಿಟ್ಟಳು. ಸಾಹೇಬರು ಹೇಗಿದೆಯಯ್ಯಾ ಎಂದಾಗ ಚೆನ್ನಾಗಿದೆ ಸಾರ್ ಎಂದವನು ಅವನೊಬ್ಬನೇ. ಅಗಿಯುತ್ತಿದ್ದಂತೆ ಶಾಲೆಯ ಊಟದ ಮನೆ ನೆನಪಾಯಿತು, ಅಲ್ಲಿನ ಉದ್ದ ತಗಡಿನ ಮೇಜು, ಅದರ ಆಚೆ ಅವನ ಅಮ್ಮ. ಅಮ್ಮ ಅಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಎಂಟು ವರ್ಷದ ಅವನು ತಟ್ಟೆ ಹಿಡಿದು ಸಾಲಿನಲ್ಲಿದ್ದಾಗ ಟಾರ್ಚು ಹಿಡಿದ ಒಬ್ಬ ಮನುಷ್ಯ ಬಂದು, ಮೇಜಿನ ಅಡಿ ನೋಡಿ, ಹಂಡೆಯ ಒಳಗೆ ನೋಡಿ, ಏನೂ ಸಿಗದೆ, ಅಮ್ಮನ ಮುಂದೆ ನಿಂತು, ಕೈ ತೋರಿಸಮ್ಮ ಎಂದ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದಳು. ಆ ಮನುಷ್ಯ ಹಗಲಲ್ಲೇ ಟಾರ್ಚು ಹಚ್ಚಿ ಒಂದೊಂದೇ ಉಗುರು ನೋಡಿದ. ಇಡೀ ಸಾಲು ನೋಡಿತು. ಆ ರಾತ್ರಿಯಷ್ಟೇ ಅಲ್ಲ, ಆಮೇಲೆ ವರ್ಷಗಟ್ಟಲೆ, ಅಮ್ಮ ಪಾತ್ರೆಯ ನಾರಿನಿಂದ ಉಗುರು ತಿಕ್ಕುತ್ತಿದ್ದಳು, ರಕ್ತ ಬರುವವರೆಗೂ. ಅವನಿಗೆ ಅಂದಿನಿಂದ ಟಾರ್ಚಿನ ಮೇಲೆ ಆಸೆ. ದೊಡ್ಡವನಾದ ಮೇಲೆ ಟಾರ್ಚು ಯಾರ ಕೈಯಲ್ಲಿರುತ್ತದೋ ಅವರ ಉಗುರನ್ನು ಯಾರೂ ನೋಡುವುದಿಲ್ಲ ಎಂದು ನಂಬಿ ಈ ಕೆಲಸಕ್ಕೆ ಬಂದಿದ್ದ. ಬಂದು ಹಿಕ್ಕೆ ಬರೆದ.

ಮುಗಿಸಿಕೊಂಡು ನನ್ನ ಕೋಣೆಗೆ ಬಾ ಎಂದು ಹೇಳಿ ಸಾಹೇಬರು ಎದ್ದರು. ಅವನು ಕೈ ತೊಳೆಯಲು ಹೊರಟಾಗ ಬಾಗಿಲ ಬಳಿ ಅರಗಿನಜ್ಜ, ಅರ್ಧ ತಿಂದ ತುಂಡನ್ನು ಕಾಗದದಲ್ಲಿ ಸುತ್ತುತ್ತ, ಅವನನ್ನು ನೋಡದೆ ಮಾತಾಡಿದ. "ಅವತ್ತು ನಾನು ಡ್ರಮ್ಮಿಗೆ ಸೀಲು ಹಾಕಿದ್ದು ಕಣಪ್ಪಾ. ಉಕ್ಕಿನ ಡ್ರಮ್ಮು, ಮುಚ್ಚಳ ಬಿಗಿ. ನಾಲ್ಕು ಡ್ರಮ್ಮು, ನಾಲ್ಕು ಸೀಲು. ಮೂಟೆ ಇರಲಿಲ್ಲ." ಅಷ್ಟು ಹೇಳಿ ಕಾಗದವನ್ನು ಜೇಬಿಗಿಟ್ಟುಕೊಂಡ. ಅವನು ಅಲ್ಲೇ ನಿಂತ. ಮೂಟೆ ಇರಲಿಲ್ಲ. ಇಲ್ಲದ ಹಿಕ್ಕೆಯನ್ನು ಬರೆಯುವಾಗ ಇಲ್ಲದ ಮೂಟೆಗಳನ್ನೂ ಬರೆದಿದ್ದ. ಬಾಯಿಪಾಠದ ಸಾಲು, ಎಲ್ಲ ಅಂಗಡಿಗೂ ಒಂದೇ. ಆ ನಾಲ್ಕು ಹೆಜ್ಜೆಯ ಕೋಣೆಯಲ್ಲಿ ಮೊಣಕಾಲೂರಿ ಅವನೇ ಆ ಡ್ರಮ್ಮುಗಳ ನಡುವೆ ಬೆರಳಾಡಿಸಿದ್ದ. ತನ್ನನ್ನು ಬಿಟ್ಟು ಉಳಿದವರೆಲ್ಲರ ಮೇಲೂ ಕಣ್ಣಿಟ್ಟಿದ್ದವನಿಗೆ ತನ್ನ ಸಾಲೇ ಕಂಡಿರಲಿಲ್ಲ. ಕೈ ತೊಳೆಯುವುದನ್ನು ಮರೆತು ಕೋಣೆಗೆ ಹೋದ.

ಸಾಹೇಬರ ಮೇಜಿನ ಮೇಲೆ ಅವನ ವರದಿ, ಅದರ ಪಕ್ಕದಲ್ಲಿ ಆ ಹೆಂಗಸು ಸಲ್ಲಿಸಿದ ಮೇಲ್ಮನವಿ, ಮೇಲ್ಮನವಿಗೆ ಪಿನ್ನು ಚುಚ್ಚಿದ ಒಂದು ಫೋಟೊ. ಫೋಟೊದಲ್ಲಿ ನಾಲ್ಕು ಡ್ರಮ್ಮುಗಳು, ನಾಲ್ಕು ಕೆಂಪು ಸೀಲುಗಳು. ಮೇಲ್ಮನವಿ ಒಂದೇ ಸಾಲಿನದು, ಸಣ್ಣ ದುಂಡು ಅಕ್ಷರ: 'ನಮ್ಮಲ್ಲಿ ಮೂಟೆಯೇ ಇಲ್ಲ, ಮೂಟೆಯ ಹಿಂದೆ ಏನು ಕಂಡಿತು ಎಂದು ಬರೆದವರನ್ನು ಕೇಳಿ.' ನಾಳೆ ಹತ್ತು ಗಂಟೆಗೆ ವಿಚಾರಣೆ. ವರದಿ ಹೀಗೇ ಇದ್ದರೆ ಬೀಗ ತೆಗೆಯಬೇಕಾಗುತ್ತದೆ, ತಿದ್ದಿದರೆ ಅವಳ ಅಂಗಡಿಯ ಪರವಾನಗಿ ರದ್ದು. ಇದನ್ನೆಲ್ಲ ಸಾಹೇಬರು ಹವಾಮಾನ ಹೇಳುವವರ ಹಾಗೆ ಹೇಳಿದರು. ನಂತರ ಖಾಲಿ ನಮೂನೆ ಹಾಳೆಯೊಂದನ್ನು ಅವನ ಕಡೆ ಬೆರಳಿಂದ ತಳ್ಳಿದರು, ಅದೇ ಬೆರಳು.

"ಒಂದೇ ಪದ ಕಣಯ್ಯಾ. ಮೂಟೆ ಇದ್ದಲ್ಲಿ ಡ್ರಮ್ಮು ಅಂತ ಬರಿ. ಮಿಕ್ಕಿದ್ದು ಹಾಗೇ ಇರಲಿ, ತಾರೀಕು ಹಳೇದೇ ಹಾಕು. ಹಳೇ ಹಾಳೆ ನನಗೆ ಕೊಡು."

ಅವನು ಪೆನ್ನು ತೆಗೆದುಕೊಂಡ. ತೆಗೆದುಕೊಂಡ ಎಂಬುದು ನಿಜ, ಕ್ಯಾಪನ್ನೂ ಬಿಚ್ಚಿದ. ಮೇಲಿನ ಸಾಲುಗಳು ಸುಲಭ, ಅಂಗಡಿಯ ಹೆಸರು, ಬೀದಿ, ಹೋದ ಹೊತ್ತು. ಬರೆಯದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು, ಕಡತ ಹಿಂದಕ್ಕೆ ಹೋಗುತ್ತದೆ, ಆಮೇಲೆ ಅವನೂ. ಬರೆಯದಿದ್ದರೂ ತಾನು ಒಳ್ಳೆಯವನಾಗುವುದಿಲ್ಲ ಎಂಬುದೂ ಗೊತ್ತಿತ್ತು. ಒಲೆ ಆರಿ ಹತ್ತೊಂಬತ್ತು ದಿನವಾಗಿದೆ, ಅದನ್ನು ಯಾವ ಪದವೂ ಹಿಂದಕ್ಕೆ ತರುವುದಿಲ್ಲ. ಹಾಳೆಯ ಮೇಲೆ ಕೈಯೂರಿದ. ಊರಿದ ಕಡೆ ಜಿಡ್ಡಿನ ಒಂದು ಗುರುತು ಮೂಡಿತು, ಗಾಜಿನಂಗಡಿಯ ಎಣ್ಣೆ. ಉಗುರುಗಳ ಸಂದಿಯಲ್ಲಿ ಟೊಮೆಟೊ ಕೆಂಪಗೆ ಕೂತಿತ್ತು. ಸಾಹೇಬರು ಚಕ್ಕನೆ ಹಾಳೆಯನ್ನು ಎಳೆದುಕೊಂಡರು, ಮೊದಲ ಬಾರಿಗೆ ಅವರ ಮುಖದಲ್ಲಿ ಅಸಹ್ಯ ಕಂಡಿತು. ತಮ್ಮ ಕರವಸ್ತ್ರವನ್ನು ತೆಗೆದು, ಕೊಡಲೋ ಬೇಡವೋ ಎಂದು ಯೋಚಿಸಿ, ಮತ್ತೆ ಜೇಬಿಗೇ ಹಾಕಿಕೊಂಡರು.

"ಹಾಳೆ ಎಲ್ಲ ಕೊಳಕು ಮಾಡ್ತೀಯಲ್ಲೋ. ಎಲ್ಲಿ, ಕೈ ತೋರಿಸು."

ಹೊರಗೆ ಮೇಡಂ ಜಾಡಿ ತೊಳೆಯುವ ಸದ್ದು ನಿಂತಿತು. ಅವನ ಕೈಗಳು, ಅಭ್ಯಾಸಬಲದಿಂದ, ಅವನದಲ್ಲದ ಎಷ್ಟೋ ಹಳೆಯ ಅಭ್ಯಾಸದಿಂದ, ಮುಂದಕ್ಕೆ ಚಾಚಲು ಅರ್ಧ ಎದ್ದವು. ಎದ್ದದ್ದನ್ನು ಅವನು ನೋಡಿದ. ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟ. ತನ್ನ ಹಳೆಯ ವರದಿಯನ್ನು ಎತ್ತಿ ಮೇಲ್ಮನವಿಯ ಕೆಳಗೆ, ಅದು ಇರಬೇಕಾದ ಜಾಗದಲ್ಲಿ ಸೇರಿಸಿ, ಪಿನ್ನನ್ನು ಎರಡಕ್ಕೂ ಸೇರುವಂತೆ ಮತ್ತೆ ಚುಚ್ಚಿದ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ತೋರಿಸಲ್ಲ ಸಾರ್," ಎಂದ. "ಬರೆಯೋದೂ ಇಲ್ಲ."